ಕಾಣಿ, ಕಾಣಿ!

ಆನೆಗುಡ್ಡೆ ಗಣಪನಿಗೆ ಕೈಮುಗಿದು ಪಡುವಣಕ್ಕೆ ಹೊರಟರೆ ಕೊರವಡಿಯ ಕಡಲು. ಆ ಕಡೆಯಿಂದ ಬುಟ್ಟಿ ಹೊತ್ತು ಬರುವ ಅಕ್ಕ "ಹ್ವಾಯ್, ಕಾಣಿ ಕಾಣಿ!" ಎಂದರೆ ಬೆಂಗಳೂರಿನ ಅಳಿಯಂದಿರು ಸುಮ್ಮನೆ ಬುಟ್ಟಿಯೊಳಗೆ ಇಣುಕುತ್ತಾರೆ. ಕುಂದಾಪ್ರ ಕನ್ನಡದಲ್ಲಿ ‘ಕಾಣಿ’ ಎಂದರೆ ನೋಡಿ ಎಂದೂ ಹೌದು, ಕಾಣೆ ಮೀನೂ ಹೌದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ದಡ ಹತ್ತಿ ಕುಳಿತಾಗ ಅದೇ ಅಳಿಯ ಕಾಣೆ ಬೇಕೆಂದರೆ, ಅದು ಬೆಂಗಳೂರಿನ ಅರ್ಥದಲ್ಲೇ ಕಾಣೆ.

ಹೋಟೆಲಿನವರಿಗೆ ಈ ಹೆಸರು ಸಾಲದು. ಕಾಣೆ ಅಲ್ಲಿ ಲೇಡಿ ಫಿಶ್, ಅಂಜಲ್ ಕಿಂಗ್ ಫಿಶ್. ಹೆಸರಿಗೆ ರಾಜವೈಭವ ಬಂದ ಮೇಲೆ ಬಿಲ್ಲಿಗೆ ಬಾರದೆ ಇರುತ್ತದೆಯೇ?

ಹೆಸರು ಬದಲಾಗುವುದು ನಮ್ಮೊಬ್ಬರ ಪಾಡಲ್ಲ. ನ್ಯೂಜಿಲೆಂಡಿಗೆ ಹೋದ ಬಿಳಿಯರು, ಅಲ್ಲಿನ ಮೂಲನಿವಾಸಿ ಮಾವೋರಿಗಳು ರಾವರು ಎನ್ನುವ ಮೀನನ್ನು ಬ್ಲೂ ಕಾಡ್ ಎಂದರು. ಅದು ಕಾಡ್ ಜಾತಿಯ ಮೀನೇ ಅಲ್ಲ. ಟೀ ಕೋವುಕ ಮರದ ಎಳೆ ಸುಳಿಯನ್ನು ಬೇಯಿಸಿ ತಿಂದು, ಅಷ್ಟೆತ್ತರದ ಮರಕ್ಕೆ ಕೋಸಿನ ಮರವೆಂದು ಹೆಸರಿಟ್ಟರು. ಊರು ಬಿಟ್ಟು ಬಂದವರಿಗೆ ಕಂಡದ್ದೆಲ್ಲ ತವರಿನದೇ. ಪುಣ್ಯಕ್ಕೆ ಕೌರಿ, ರಿಮು, ಮಾನುಕ ಎಂಬ ಗಿಡಮರಗಳ ಮಾವೋರಿ ಹೆಸರುಗಳು ಹಾಗೇ ಉಳಿದವು. ಮಾನುಕದ ಜೇನು ಈಗ ನಮ್ಮ ಊರಿನ ಜೇನಿಗಿಂತ ಎಷ್ಟೋ ಪಟ್ಟು ದುಬಾರಿ!

ನಮ್ಮಲ್ಲಿ ಹೆಸರು ಬದಲಾಗಲು ಕಡಲು ದಾಟಬೇಕಿಲ್ಲ, ಬ್ರಹ್ಮಾವರ ದಾಟಿದರೆ ಸಾಕು. ಇಲ್ಲಿನ ಬೈಗೆ ಮೀನು ತೆಂಕಲ್ಲಿ ಬೂತಾಯಿ, ಸಿಗಡಿಗೆ ಇಲ್ಲಿ ಚಟ್ಲಿ, ಅಲ್ಲಿ ಎಟ್ಟಿ. ಬಚ್ಚಲ ನೀರು ಹೋಗುವ ತೋಡಿನಂಚಿಗೆ ಹಬ್ಬುವ ಉರಗೆಯನ್ನೇ ನೋಡಿ. ಒಂದು ದಂಟಿಗೆ ಒಂದೇ ಎಲೆ, ಅದೂ ಕುದುರೆಯ ಗೊರಸಿನ ಹಾಗೆ. ಘಟ್ಟದ ಮೇಲೆ ಒಂದೆಲಗ, ತುಳುವಿನಲ್ಲಿ ತಿಮರೆ, ಗ್ರಂದಿಗೆ ಅಂಗಡಿಯಲ್ಲಿ ಬ್ರಾಹ್ಮಿ. ಬ್ರಾಹ್ಮಿ ಕೇಳಿದರೆ ನೀರುಬ್ರಾಹ್ಮಿ ಕಟ್ಟಿಕೊಡುವ ಅಪಾಯವೂ ಉಂಟು. ಜ್ಞಾಪಕಶಕ್ತಿಗೆಂದು ತಂಬುಳಿ ಮಾಡುವ ಸೊಪ್ಪಿಗೆ ಇಷ್ಟು ಹೆಸರು ಜ್ಞಾಪಕವಿಡಬೇಕು. ತಿನ್ನುವ ಮೊದಲೇ ಪರೀಕ್ಷೆ.

ಲ್ಯಾಟಿನ್ ಹೆಸರಾದರೆ ಈ ತಾಪತ್ರಯವಿಲ್ಲ ಎನ್ನುವವರು ನಮ್ಮ ಬಂಗುಡೆಯ ಜಾತಕ ಓದಬೇಕು. ಪಂಡಿತರಿಗೆ ಅದು ರಾಸ್ಟ್ರೆಲ್ಲಿಜರ್ ಕನಗುರ್ತ. ‘ಕನಗುರ್ತ’ ಅಪ್ಪಟ ತೆಲುಗು. ವಿಶಾಖಪಟ್ಟಣದ ಮೀನುಗಾರರ ಬಾಯಿಂದ ಬ್ರಿಟಿಷ್ ಪಂಡಿತ ಪ್ಯಾಟ್ರಿಕ್ ರಸೆಲ್ ಕೇಳಿ ಬರೆದು, 1803ರಲ್ಲಿ ಅಚ್ಚು ಹಾಕಿಸಿದ. 1816ರಲ್ಲಿ ಫ್ರಾನ್ಸಿನ ಕುವಿಯೆ ಅದನ್ನೇ ಖಾಯಂ ಮಾಡಿದ. ರಸೆಲ್ ಮಲ್ಪೆಯಲ್ಲೋ ಗಂಗೊಳ್ಳಿಯಲ್ಲೋ ಇಳಿದಿದ್ದರೆ ಲೋಕವೆಲ್ಲ ಬಂಗುಡೆ ಎನ್ನುತ್ತಿತ್ತು. ನನಗಂತೂ ಆ ಹೊಟ್ಟೆಕಿಚ್ಚು ಇನ್ನೂ ಆರಿಲ್ಲ.

ಸಮಾಧಾನಕ್ಕೆ ಬಸಳೆ ಇದೆ. ಮಲಬಾರಿನ ಗಿಡಗಳ ಬಗ್ಗೆ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಡಚ್ಚರು ಅಚ್ಚು ಹಾಕಿದ ‘ಹೋರ್ಟಸ್ ಮಲಬಾರಿಕಸ್’ನಲ್ಲಿ ಅದು ಬಸೆಲ್ಲ. 1753ರಲ್ಲಿ ಸ್ವೀಡನ್ನಿನ ಲಿನ್ನೇಯಸ್ ಅದನ್ನೇ ಉಳಿಸಿಕೊಂಡ. ನಮ್ಮ ಬಾವಿಕಟ್ಟೆ ಪಕ್ಕದ ಚಪ್ಪರದ ಬಳ್ಳಿಗೆ ಲ್ಯಾಟಿನ್ನಿನಲ್ಲೂ ಹೆಚ್ಚುಕಡಿಮೆ ಮನೆಯ ಹೆಸರೇ. ಅದರ ಸಾರಿಗೆ ಚಟ್ಲಿ ಹಾಕಬೇಕೋ ಹಲಸಿನ ಬೀಜವೋ ಎಂಬುದನ್ನು ಮಾತ್ರ ಮಹಾನುಭಾವ ಬರೆದಿಡಲಿಲ್ಲ. ಬರೆದಿದ್ದರೆ ನಮ್ಮ ಮನೆಯಲ್ಲಿ ವಾರಕ್ಕೊಂದು ಜಗಳ ತಪ್ಪುತ್ತಿತ್ತು.