ಆನೆಯನ್ನು ಎಣ್ಣೆಗೆ ಹಾಕಿದ ಕತೆ

ಭಾನುವಾರ ಬೆಳಿಗ್ಗೆ, ಕಾವಲಿಯ ಮೇಲೆ ದೋಸೆ ಹೊಯ್ಯುತ್ತಿದ್ದ ಹೆಂಡತಿಯ ಎದುರು ಈ ಲೇಖಕ ಒಂದು ಚೀಟಿ ಹಿಡಿದು ನಿಂತ. "ಆನೆಯನ್ನು ಎಣ್ಣೆಯಲ್ಲಿ ಬೇಯಿಸು. ಎರಡೇ ಅಕ್ಷರ. ಹೇಳು ನೋಡೋಣ." ಆಕೆ ತಿರುಗಿಯೂ ನೋಡಲಿಲ್ಲ. "ಎಣ್ಣೆ ಲೀಟರಿಗೆ ಎಷ್ಟಾಗಿದೆ ಗೊತ್ತೇನ್ರೀ ನಿಮಗೆ?"

ಉತ್ತರ 'ಕರಿ'. ಆನೆಯೂ ಕರಿ, ಹಪ್ಪಳಕ್ಕೆ ಮಾಡುವುದೂ ಕರಿ. ಓದಿದವರ ಕಣ್ಣಿಗೆ ಬಾಣಲೆಯಲ್ಲಿ ಕೂತ ಆನೆ ಕಾಣಬೇಕು. ಆ ಆನೆ ಕಾಣುವಷ್ಟು ಹೊತ್ತು ಉತ್ತರ ಕಾಣಬಾರದು. ಇಂಗ್ಲಿಷಿನ ಕ್ರಿಪ್ಟಿಕ್ ಪದಬಂಧ ನಿಂತಿರುವುದು ಇಷ್ಟೇ ಕಿತಾಪತಿಯ ಮೇಲೆ. ಮಾಮೂಲಿ ಪದಬಂಧ 'ಆನೆ (2)' ಎಂದು ಕೇಳಿ ನಿಘಂಟು ಬಲ್ಲವರಿಗೆ ಶರಣಾಗಿಬಿಡುತ್ತದೆ. ಕ್ರಿಪ್ಟಿಕ್ ಸುಳಿವಿನಲ್ಲಿ ಒಂದೇ ಮನೆಗೆ ಎರಡು ದಾರಿ. ಒಂದು ನೇರ ಅರ್ಥದ್ದು. ಇನ್ನೊಂದು ಸಾಮಾನ್ಯವಾಗಿ ಅಕ್ಷರಗಳ ಆಟದ್ದು, ಕೆಲವೊಮ್ಮೆ ಕರಿಯಲ್ಲಿ ಆದಂತೆ ಎರಡನೆಯ ಅರ್ಥದ್ದು. ನೇರ ಅರ್ಥ ಸುಳಿವಿನ ತಲೆಯಲ್ಲಿರುತ್ತದೆ, ಇಲ್ಲವೇ ಬಾಲದಲ್ಲಿ. ನಡುವಿನ ಬೇಲಿಯನ್ನು ಮಾತ್ರ ಕಟ್ಟಿದವರು ಕಿತ್ತು ಬಚ್ಚಿಟ್ಟಿರುತ್ತಾರೆ.

ಪದಬಂಧ ಹುಟ್ಟಿದ್ದು ಅಮೆರಿಕದಲ್ಲಿ, ಕೆಟ್ಟದ್ದು ಇಂಗ್ಲೆಂಡಿನಲ್ಲಿ. ಲಿವರ್‌ಪೂಲಿನಿಂದ ವಲಸೆ ಹೋಗಿದ್ದ ಆರ್ಥರ್ ವಿನ್ 1913ರ ಡಿಸೆಂಬರ್ 21ರಂದು 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ ವಜ್ರಾಕಾರದ ಚೌಕಳಿಯೊಂದನ್ನು ಪ್ರಕಟಿಸಿದಾಗ ಅದರಲ್ಲಿ ಕಪಟವಿರಲಿಲ್ಲ. ಕಪಟವನ್ನು ಕಲೆಯಾಗಿಸಿದವರು ಎಡ್ವರ್ಡ್ ಪೋವಿಸ್ ಮ್ಯಾಥರ್ಸ್ ಎಂಬ ಕವಿ, ಅನುವಾದಕ. 1926ರಿಂದ ಲಂಡನ್ನಿನ 'ಅಬ್ಸರ್ವರ್' ಪತ್ರಿಕೆಗೆ ಪದಬಂಧ ಕಟ್ಟುತ್ತಾ ಅವರು ಇಟ್ಟುಕೊಂಡ ಹೆಸರು ಟಾರ್ಕೆಮಾಡಾ. ಸ್ಪೇನಿನಲ್ಲಿ ಧರ್ಮವಿಚಾರಣೆಯ ಹೆಸರಲ್ಲಿ ಜನರನ್ನು ಹಿಂಡಿದ ಪಾದ್ರಿಯ ಹೆಸರದು. 1939ರಲ್ಲಿ ಅವರು ತೀರಿಕೊಂಡ ಮೇಲೆ ಬಂದ ಡೆರಿಕ್ ಮ್ಯಾಕ್‌ನಟ್ ಎಂಬ ಲ್ಯಾಟಿನ್-ಗ್ರೀಕ್ ಮೇಷ್ಟ್ರು ಇನ್ನೊಬ್ಬ ವಿಚಾರಣಾಧಿಕಾರಿಯ ಹೆಸರು ಹಿಡಿದು ಜಿಮೆನೀಸ್ ಆದರು. 1972ರಲ್ಲಿ ಆ ಪೀಠ ಏರಿದ ಜೊನಾಥನ್ ಕ್ರೌದರ್ ಮತ್ತೊಬ್ಬ ವಿಚಾರಣಾಧಿಕಾರಿ ಡೇಜಾನನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹಿಂದುಮುಂದು ಮಾಡಿ ಅಝೆಡ್ ಎನಿಸಿಕೊಂಡರು. ಗಿರಾಕಿಗಳಿಗೆ ಮುಂದೆ ಕಾದಿರುವುದೇನು ಎಂದು ಅಂಗಡಿಯ ಬೋರ್ಡಿನಲ್ಲೇ ಬರೆದ ಪ್ರಾಮಾಣಿಕರು ಇವರು.

ಜಿಮೆನೀಸರು 1966ರಲ್ಲಿ ಪದಬಂಧದ ಕಲೆಯ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಮೋಸ ಮಾಡುವುದಕ್ಕೂ ಒಂದು ಧರ್ಮಶಾಸ್ತ್ರ! ಅವರ ಪಂಥದ ಪ್ರಕಾರ ಸುಳಿವಿನಲ್ಲಿ ನಿಖರವಾದ ಅರ್ಥ ಇರಬೇಕು, ನ್ಯಾಯವಾದ ಅಕ್ಷರದಾಟ ಇರಬೇಕು, ಮೂರನೆಯದು ಏನೂ ಇರಬಾರದು. ದಾರಿ ತಪ್ಪಿಸಬಹುದು, ಸುಳ್ಳು ಹೇಳುವಂತಿಲ್ಲ. ವಕೀಲರ ಮಾತಿಗೂ ಇದಕ್ಕೂ ಇರುವ ಹೋಲಿಕೆಯನ್ನು ಇಲ್ಲಿ ಬೆಳೆಸುವುದು ಬೇಡ.

ಶಾಸ್ತ್ರ ಒತ್ತಟ್ಟಿಗಿರಲಿ, ಪ್ರಯೋಗ ನೋಡಿ. ಇಂಗ್ಲಿಷ್ ಪದಬಂಧಿಗರು ಬಾಯಿ ಚಪ್ಪರಿಸುವ ಒಂದು ಹಳೆಯ ಸುಳಿವಿನಲ್ಲಿ ಇರುವುದು ನಾಲ್ಕೇ ಅಕ್ಷರ: ಜಿ, ಇ, ಜಿ, ಎಸ್. ಉತ್ತರ ಮಾತ್ರ ಒಂಬತ್ತು ಮತ್ತು ನಾಲ್ಕು ಅಕ್ಷರಗಳ ಎರಡು ಪದ. ಎಗ್ಸ್ ಎಂಬುದರ ಅಕ್ಷರಗಳನ್ನು ಕಲಕಿಟ್ಟಿದ್ದಾರೆ. ಕಲಕಿದ ಎಗ್ಸ್ ಎಂದರೆ 'ಸ್ಕ್ರ್ಯಾಂಬಲ್ಡ್ ಎಗ್ಸ್', ನಮ್ಮ ಎಗ್ ಬುರ್ಜಿಯ ಬಿಳಿ ತಮ್ಮ. ಇನ್ನೊಂದರಲ್ಲಿ ಎಚ್‌ನಿಂದ ಓ ತನಕ ಎಂಟು ಅಕ್ಷರ ಸಾಲಾಗಿ ನಿಂತಿವೆ, ಅಷ್ಟೇ. ಎಚ್ ಟು ಓ, ಅಂದರೆ ನೀರು. 'ಫ್ಲವರ್' ಎಂದು ಕಂಡರೆ ಹೂ ಎಂದು ಹಿಗ್ಗಬೇಡಿ. ಅದು 'ಫ್ಲೋ' ಆಗುವಂಥದ್ದು, ನದಿ.

ಈ ಲೇಖಕನಿಗೆ ಎಲ್ಲರಿಗಿಂತ ಹತ್ತಿರ ಎನಿಸಿದವರು 'ಗಾರ್ಡಿಯನ್' ಪತ್ರಿಕೆಯ ಅರಾಕೇರಿಯಾ. ನಿಜ ನಾಮಧೇಯ ಜಾನ್ ಗ್ರಹಾಂ, ವೃತ್ತಿಯಿಂದ ಪಾದ್ರಿ. ಅರಾಕೇರಿಯಾ ಒಂದು ಮರ. ಹತ್ತಲು ಹೋದರೆ ಕೋತಿಗೂ ಒಗಟಾಗುತ್ತದೆಂದು ಇಂಗ್ಲಿಷರು ಅದನ್ನು 'ಮಂಕಿ ಪಜಲ್' ಎನ್ನುತ್ತಾರೆ. ಅದೇ ಮರಕ್ಕೆ 'ಚಿಲಿ ಪೈನ್' ಎಂದೂ ಹೆಸರು. ಆ ಅಕ್ಷರಗಳನ್ನು ಕಲಕಿದರೆ 'ಸಿನಿಫೈಲ್', 'ಫೈನಾನ್ಶಿಯಲ್ ಟೈಮ್ಸ್'ನಲ್ಲಿ ಅವರ ಅಂಕಿತನಾಮ. ತಮಗೆ ಅನ್ನನಾಳದ ಕ್ಯಾನ್ಸರ್ ಆಗಿದೆ ಎಂಬುದನ್ನೂ 2013ರ ಜನವರಿಯಲ್ಲಿ ಗಾರ್ಡಿಯನ್ ಓದುಗರಿಗೆ ಅವರು ತಿಳಿಸಿದ್ದು ಪದಬಂಧದ ಸುಳಿವುಗಳಲ್ಲೇ. ಅದೇ ನವೆಂಬರಿನಲ್ಲಿ, ತೊಂಬತ್ತೆರಡರ ವಯಸ್ಸಿನಲ್ಲಿ ತೀರಿಕೊಂಡರು.

ಇದನ್ನೆಲ್ಲ ಓದಿ ತಲೆ ತಿರುಗಿದ್ದ ಹೊತ್ತಿನಲ್ಲಿ ಆನೆಯ ಸುಳಿವು ಹುಟ್ಟಿದ್ದು. ಹೆಂಡತಿ ಕೈಬಿಟ್ಟ ಮೇಲೆ ಲೇಖಕ ಅದನ್ನು ಭಾವಮೈದುನನಿಗೆ ತೋರಿಸಿದ. ಆತ ಮೆಟ್ರೋದಲ್ಲಿ ಇಳಿಯಬೇಕಾದ ನಿಲ್ದಾಣ ದಾಟಿದರೂ ಇಂಗ್ಲಿಷ್ ಪದಬಂಧ ಮುಗಿಸದೆ ಏಳುವವನಲ್ಲ.

"ಭಾವ, ಇದು ಅನ್ಯಾಯ," ಎಂದ. "ಒಂದು ಅರ್ಥ 'ಆನೆ', ಇನ್ನೊಂದು 'ಎಣ್ಣೆಯಲ್ಲಿ ಬೇಯಿಸು'. ಮಧ್ಯದ 'ಯನ್ನು' ಯಾರ ಮನೆಯದು?"

ಲೇಖಕ ನಿರುತ್ತರನಾದ. ಕನ್ನಡದಲ್ಲಿ ಈ ಕಲೆ ಏಕೆ ಕಷ್ಟ ಎಂಬುದು ಆ ಒಂದು 'ಯನ್ನು'ವಿನಲ್ಲಿದೆ. ಇಂಗ್ಲಿಷಿನ ಪದಗಳು ಬಸ್ ನಿಲ್ದಾಣದ ಅಪರಿಚಿತರಂತೆ ಪಕ್ಕಪಕ್ಕ ನಿಂತಿರುತ್ತವೆ; ಯಾರನ್ನು ಯಾರ ಜೊತೆ ಬೇಕಾದರೂ ಕಳಿಸಬಹುದು. ನಮ್ಮ ಪದಗಳು ವಿಭಕ್ತಿ ಪ್ರತ್ಯಯ ಅಂಟಿಸಿಕೊಂಡೇ ಹೊರಗೆ ಬರುತ್ತವೆ. ಯಾರು ಕರ್ತೃ, ಯಾರು ಕರ್ಮ ಎಂದು ಕೇಳುವ ಮೊದಲೇ ಹೇಳಿಬಿಡುವ ಸತ್ಯವಂತರು. ಗುಟ್ಟು ಮುಚ್ಚಿಡುವ ಕೆಲಸಕ್ಕೆ ಇಂಥವರನ್ನು ಇಟ್ಟುಕೊಂಡರೆ ಹೇಗೆ?

ಅಕ್ಷರದ ಲೆಕ್ಕವೂ ಬೇರೆ. ಕನ್ನಡ ಪದಬಂಧದ ಒಂದು ಮನೆಯಲ್ಲಿ ಒತ್ತು, ದೀರ್ಘ, ಗುಡಿಸು ಎಲ್ಲ ಸೇರಿ ಒಂದು ಅಕ್ಷರ. 'ಕಾರ್ತ್ಸ್ನ್ಯ' ಎಂಬ ಪದ ಬಂದರೆ ಎರಡನೆಯ ಮನೆಯಲ್ಲಿ ಐದು ವ್ಯಂಜನಗಳ ಅವಿಭಕ್ತ ಕುಟುಂಬ. ಇಂಗ್ಲಿಷಿನವರಂತೆ ಬಿಡಿ ಅಕ್ಷರ ಕಲಕಲು ಇಲ್ಲಿ ಆಗದು.

ಆದರೆ ತಿರುಗಿಸಿ ನೋಡಿ, ನಮ್ಮ ಅಕ್ಷರಗಳ ಗಮ್ಮತ್ತೇ ಬೇರೆ. ಗದಗ ಯಾವ ಕಡೆಯಿಂದ ಹೋದರೂ ಗದಗವೇ. ಗಜ ತಿರುಗಿದರೆ ಜಗ. ಈ ಲೇಖಕ ಬೀಗಿದ್ದು ಮಾತ್ರ ಇದಕ್ಕೆ: 'ಮನ್ಮಥ ತಿರುಗಿಬಿದ್ದರೂ ಲಕ್ಷ್ಮಿ (2)'. ಮನ್ಮಥನೆಂದರೆ ಮಾರ, ಹಿಂದುಮುಂದಾದರೆ ರಮಾ. ಮಗ ತಿರುಗಿಬಿದ್ದು ಸಿಕ್ಕಿದ್ದು ಅಮ್ಮನೇ! 'ತಿರುಗಿಬೀಳು' ಎಂಬಂಥ ನುಡಿಗಟ್ಟು ಕೈಯಲ್ಲಿರುವಾಗ ಇಂಗ್ಲಿಷಿನವರ ಮೇಲೆ ಹೊಟ್ಟೆಕಿಚ್ಚು ಏಕೆ? 'ಅವನಲ್ಲಿ ಅಡಗಿದ ಕಾಡು (2)' ಎಂದರೆ 'ಅವನಲ್ಲಿ' ಎಂಬ ಪದದೊಳಗೇ ವನ ಇದೆ. ಇಲ್ಲಿ ಪ್ರತ್ಯಯವೂ ಮರೆಗೆ ಸಹಾಯ ಮಾಡಿತು. 'ಮೈಲಿಗೆಯಿಲ್ಲದ ಬೀದಿ, ಬೆಟ್ಟದೂರು (4)' ಎಂದರೆ ಮಡಿಕೇರಿ. 'ಬಾಯಿಗೆ ಬಂದ ಖಾರ, ಏಳು ದಿನ, ಕಡಲೂರು (4)' ಎಂದರೆ ಕಾರವಾರ. ಮಹಾಪ್ರಾಣ ನುಂಗುವವರ ಬಾಯಲ್ಲಿ ಖಾರ ಕಾರವಾಗುತ್ತದಲ್ಲ.

ಹಾಗೆ ನೋಡಿದರೆ ನಮ್ಮವರಿಗೆ ಇದು ಹೊಸತೂ ಅಲ್ಲ. ಕನಕದಾಸರ ಮುಂಡಿಗೆಗಳಿವೆ. ಅವಧಾನದಲ್ಲಿ ವ್ಯಸ್ತಾಕ್ಷರಿ ಇದೆ: ಪೃಚ್ಛಕರು ಸಾಲೊಂದರ ಅಕ್ಷರಗಳನ್ನು ಕ್ರಮ ತಪ್ಪಿಸಿ ಆಗೊಂದು ಈಗೊಂದು ಕೊಡುತ್ತಾರೆ, ಅವಧಾನಿ ಕಾಗದವಿಲ್ಲದೆ ಜೋಡಿಸಿ ಕೊನೆಗೆ ಇಡೀ ಸಾಲು ಹೇಳುತ್ತಾರೆ. ಪೆನ್ಸಿಲ್ಲು, ರಬ್ಬರು ಹಿಡಿದು ಕೂರುವ ನಮ್ಮಂಥವರು ಅಲ್ಲಿ ತಲೆ ಎತ್ತುವಂತಿಲ್ಲ.

"ಇದರಿಂದ ಮೂರು ಕಾಸಿನ ಪ್ರಯೋಜನ ಉಂಟಾ?" ಎಂದು ಹೆಂಡತಿ ಕೇಳಿದಾಗ ಲೇಖಕ ಎದೆಯುಬ್ಬಿಸಿ ಹೇಳಿದ: 1942ರ ಜನವರಿಯಲ್ಲಿ 'ಡೈಲಿ ಟೆಲಿಗ್ರಾಫ್' ಪತ್ರಿಕೆ ಹನ್ನೆರಡು ನಿಮಿಷದಲ್ಲಿ ಪದಬಂಧ ಬಿಡಿಸುವ ಸ್ಪರ್ಧೆ ಇಟ್ಟಿತ್ತು, ಬಂದವರಲ್ಲಿ ಕೆಲವರಿಗೆ ಮುಂದೆ ಬ್ಲೆಚ್ಲಿ ಪಾರ್ಕಿನಲ್ಲಿ ಶತ್ರುಗಳ ಸಂಕೇತ ಭೇದಿಸುವ ಕೆಲಸ ಸಿಕ್ಕಿತು.

"ಸರಿ, ಅವರು ಫೋನ್ ಮಾಡಿದರೆ ಹೇಳ್ತೀನಿ. ಅಲ್ಲೀವರೆಗೆ ಚಟ್ನಿಗೆ ಕಾಯಿ ತುರೀರಿ," ಎಂದಳು ಆಕೆ.

ಕಾಯಿ ತುರಿಯುತ್ತಾ ಹೊಳೆದ ಸುಳಿವೊಂದನ್ನು ಓದುಗರಿಗೆ ಬಿಟ್ಟಿದೆ: 'ಹೊಳೆ ಹಿಂದಕ್ಕೆ ಹರಿದರೆ ಹಗಲು (2)'. ಉತ್ತರ ಮುಂದಿನ ಸಂಚಿಕೆಯಲ್ಲಿ ಇರುವುದಿಲ್ಲ.