ಇಪ್ಪತ್ತೆಂಟು ಉಗುರಿನ ಬುಧವಾರ

ಗಿನಿಪಿಗ್ಗಿನ ಮುಂಗಾಲಿಗೆ ನಾಲ್ಕು ಬೆರಳು, ಹಿಂಗಾಲಿಗೆ ಮೂರು. ಒಟ್ಟು 14 ಉಗುರು. ಇಷ್ಟೇ ಆಗಿದ್ದರೆ ಹೇಗೋ ಕತ್ತರಿಸಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ನಾವಿರುವುದು ಸ್ವಿಟ್ಜರ್ಲೆಂಡಿನಲ್ಲಿ, ಜ್ಯೂರಿಕ್ ಪಕ್ಕದ ಬಾಡೆನ್‌ನಲ್ಲಿ. ಈ ದೇಶದ 2008ರ ಪ್ರಾಣಿರಕ್ಷಣಾ ನಿಯಮದ ಪ್ರಕಾರ ಗಿನಿಪಿಗ್ಗನ್ನು ಒಂಟಿಯಾಗಿ ಸಾಕುವಂತಿಲ್ಲ, ಕಡಿಮೆಯೆಂದರೂ ಎರಡಿರಬೇಕು. ಎರಡರಲ್ಲೊಂದು ಶಿವನ ಪಾದ ಸೇರಿತೆನ್ನಿ, ಉಳಿದದ್ದಕ್ಕೆ ಜೊತೆಯನ್ನು ಬಾಡಿಗೆಗೆ ಕೊಡುವವರೂ ಇಲ್ಲಿದ್ದಾರೆ. ಹಾಗಾಗಿ ನಮ್ಮ ಮನೆಯ ಲೆಕ್ಕ ಶುರುವಾಗುವುದೇ 28ರಿಂದ.

ನಮ್ಮ ಜೋಡಿಗೆ ಗಂಗೆ, ಗೌರಿ ಎಂದು ಹೆಸರಿಟ್ಟವಳು ಮಗಳು. ಅಜ್ಜಿ ಫೋನಿನಲ್ಲಿ ಹೇಳಿದ್ದ ಸವತಿಯರ ಜಗಳದ ಕಥೆ ಅವಳಿಗೆ ಬಹಳ ಹಿಡಿಸಿತ್ತು. ಹೆಸರೂ ಸಾರ್ಥಕವಾಗಿದೆ. ಹುಲ್ಲಿನ ಬುಟ್ಟಿ ಒಂದೇ ಇಟ್ಟ ದಿನ ಇಬ್ಬರೂ ಹಲ್ಲು ಕಟಕಟಿಸುತ್ತ ಎದುರುಬದುರು ನಿಲ್ಲುತ್ತಾರೆ. ಹಂದಿಗೆ ದೇವರ ಹೆಸರೇ ಎಂದು ನಮ್ಮವರು ರಾಗ ಎಳೆದಾಗ, ಮೈಸೂರಿನಿಂದ ಬಂದಿಳಿದಿದ್ದ ಅತ್ತೆ, "ವರಾಹಸ್ವಾಮಿ ಏನು ಕುದುರೇನೇನೋ?" ಎಂದು ಕೇಳಿ ಚರ್ಚೆಗೆ ಮಂಗಳ ಹಾಡಿದರು. ಇದು ಹಂದಿಯೇ ಅಲ್ಲ, ಇಲಿ-ಅಳಿಲಿನ ಬಳಗ, ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟದ ಕಡೆಯದು, ಪೆರುವಿನಲ್ಲಿ ಇವತ್ತಿಗೂ ಹುರಿದು ತಿನ್ನುತ್ತಾರೆ ಎಂದು ಮಗ ತನಗೆ ಗೊತ್ತಿದ್ದುದನ್ನೆಲ್ಲ ಒಪ್ಪಿಸಿದ. ಕೊನೆಯ ಮಾತಿಗೆ ಅತ್ತೆ ಗಂಗೆಯ ಕಿವಿ ಮುಚ್ಚಿದರು.

ಎರಡಿರಬೇಕೆಂಬ ಕಾನೂನಿನ ಸಂಗತಿ ಅವರಿಗೆ ತಿಳಿದದ್ದು ಊಟಕ್ಕೆ ಕೂತಾಗ.

"ಒಂದೇ ಇದ್ರೆ ಏನಾಗತ್ತಂತೆ?"

"ಬೇಜಾರಾಗತ್ತಮ್ಮ. ಗುಂಪಲ್ಲಿ ಬದುಕೋ ಪ್ರಾಣಿ. ಜೊತೆಗೆ ಯಾರೂ ಇಲ್ದಿದ್ರೆ ಕೊರಗತ್ತೆ" ಎಂದರು ಇವರು, ಸಾರು ಬಡಿಸಿಕೊಳ್ಳುತ್ತ.

"ಓಹೋ. ಅದಕ್ಕೆ ಸರ್ಕಾರದೋರೇ ಕಾನೂನು ಮಾಡವ್ರೆ ಅನ್ನು."

ಮಾವ ಹೋದ ಮೇಲೆ ಕುವೆಂಪುನಗರದ ಮನೆಯಲ್ಲಿ ಒಬ್ಬರೇ ಇರುವ ಅತ್ತೆ ಅಷ್ಟು ಹೇಳಿ ಮಜ್ಜಿಗೆ ಹಾಕಿಕೊಂಡರು. ನಮ್ಮವರಿಗೆ ಅದೇ ಗಳಿಗೆಯಲ್ಲಿ ಹೆಡ್‌ಲ್ಯಾಂಪಿನ ಬ್ಯಾಟರಿ ಬದಲಿಸುವುದು ನೆನಪಾಯಿತು. ಎದ್ದು ಹೋದರು.

ಆ ಹೆಡ್‌ಲ್ಯಾಂಪ್ ಬೇಕಾಗಿದ್ದುದು ಗೌರಿಗಾಗಿ. ಉಗುರಿನೊಳಗೆ ನರ, ರಕ್ತನಾಳ ಇರುವ ಜೀವಭಾಗವೊಂದಿದೆ. ಗಂಗೆಯ ಬಿಳಿ ಉಗುರಿನಲ್ಲಿ ಅದು ನಸುಗೆಂಪಾಗಿ ಹೊರಗೇ ಕಾಣುತ್ತದೆ. ಅದರಿಂದ ಒಂದೆರಡು ಮಿಲಿಮೀಟರ್ ಆಚೆಗೆ ಕತ್ತರಿಸಿದರಾಯಿತು. ಗೌರಿಯ ಉಗುರು ಕಡುಗಪ್ಪು. ಕೆಳಗಿನಿಂದ ಬೆಳಕು ಬಿಟ್ಟರೆ ಮಾತ್ರ ಒಳಗಿನ ನೆರಳು ಎಲ್ಲಿಗೆ ನಿಂತಿದೆಯೆಂದು ತಿಳಿಯುತ್ತದೆ. ನಮ್ಮವರು ಆಲ್ಪ್ಸ್ ಹತ್ತಲೆಂದು ಕೊಂಡ ದೀಪವನ್ನು ಹಣೆಗೆ ಬಿಗಿದು, ತೋಟದ ಕೈಗವಸು ತೊಟ್ಟು, ಗೂಡಿನ ಮೇಲೆ ಬಾಗಿದರು. ಪಾಪ, ಅದು ಹದ್ದಿಗೆ ಹೆದರಿ ಬದುಕಿದ ವಂಶ. ಮೇಲಿನಿಂದ ಏನೇ ಇಳಿದರೂ ಅದಕ್ಕೆ ಯಮನೇ. ಈ ಯಮನ ಹಣೆಯಲ್ಲಿ ದೀಪ ಬೇರೆ ಉರಿಯುತ್ತಿತ್ತು. ಗೌರಿ ಕಿರುಚಿದ್ದಕ್ಕೆ ಗಂಗೆ ದನಿಗೂಡಿಸಿದಳು. ಹಣೆಯ ಬೆಳಕು ಮೇಲಿನಿಂದ ಬೀಳುತ್ತದೆ, ಬೇಕಾದದ್ದು ಕೆಳಗಿನಿಂದ ಎಂದು ನಾನು ನೆನಪಿಸಿದಾಗ ಇವರು ಟೀಪಾಯಿಯ ಕೆಳಗೆ ಅಂಗಾತ ಮಲಗಿ ನೋಡಿದ್ದೂ ಉಂಟು. ಎಂಜಿನಿಯರನನ್ನು ಕಟ್ಟಿಕೊಂಡವರಿಗೆ ಹೆಚ್ಚು ವಿವರಿಸಬೇಕಿಲ್ಲ.

ಡಾಕ್ಟರ ಹತ್ತಿರ ಒಯ್ದರೆ ಐದು ನಿಮಿಷದ ಕೆಲಸ, ನಿಜ. ಬಿಲ್ಲನ್ನು ಫ್ರಾಂಕಿನಿಂದ ರೂಪಾಯಿಗೆ ತಿರುಗಿಸಿ ನೋಡಿದ ಅತ್ತೆ, "ಇಷ್ಟು ದುಡ್ಡಲ್ಲಿ ನಾನು ಹಲ್ಲಿನ ಸೆಟ್ಟೇ ಕಟ್ಟಿಸ್ಕೋತಿದ್ದೆ" ಎಂದರು. ಮನೆಯಲ್ಲೇ ಮಾಡುವುದೆಂದು ತೀರ್ಮಾನವಾಯಿತು. ಆದರೆ ಯಾವತ್ತು?

ಮಂಗಳವಾರ, ಶುಕ್ರವಾರ ಉಗುರು ತೆಗೆಯುವಂತಿಲ್ಲ, ಲಕ್ಷ್ಮಿ ಹೊರಟುಬಿಡುತ್ತಾಳೆ. ಶನಿವಾರ ಕೇಳುವುದೇ ಬೇಡ. ಸೋಮವಾರ ಅತ್ತೆಯ ಒಪ್ಪತ್ತು, ಗುರುವಾರ ರಾಯರ ವಾರ. ದೀಪ ಹಚ್ಚಿದ ಮೇಲಂತೂ ಯಾವ ವಾರವೂ ಇಲ್ಲ; ಡಿಸೆಂಬರಿನಲ್ಲಿ ಇಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿದರೆ ನಾವು ಮನೆ ಸೇರುವುದು ಆರಕ್ಕೆ. ಉಳಿದದ್ದು ಭಾನುವಾರ. ಅದನ್ನು ಸ್ವಿಸ್ಸರು ಕಿತ್ತುಕೊಂಡಿದ್ದಾರೆ. ಅವತ್ತು ಗೋಡೆಗೆ ಡ್ರಿಲ್ ಹಾಕುವಂತಿಲ್ಲ, ಹುಲ್ಲು ಕತ್ತರಿಸುವ ಮಶಿನ್ ಓಡಿಸುವಂತಿಲ್ಲ, ಖಾಲಿ ಬಾಟಲಿಯನ್ನು ಬೀದಿಯ ಗಾಜಿನ ಡಬ್ಬಕ್ಕೆ ಹಾಕುವಂತೆಯೂ ಇಲ್ಲ, ಸದ್ದಾಗುತ್ತದೆ. ಗೌರಿಯ ಕಿರುಚಾಟದ ಮರುದಿನ ಕೆಳಮನೆಯ ಹಿರಿಯಾಕೆ ಲಿಫ್ಟಿನಲ್ಲಿ ಸಿಕ್ಕಿ, ಮಕ್ಕಳು ಪಿಟೀಲು ಕಲಿಯಲು ಶುರು ಮಾಡಿದ್ದಾರಾ ಎಂದು ಬಹಳ ಮರ್ಯಾದೆಯಿಂದ ವಿಚಾರಿಸಿದರು. ಇಲ್ಲಿಯವರ ಬೈಗುಳ ಹೀಗೇ, ಇಸ್ತ್ರಿ ಮಾಡಿ ಮಡಿಸಿ ಕೊಡುತ್ತಾರೆ.

ಒಂಟಿಕೊಪ್ಪಲ್ ಪಂಚಾಂಗವನ್ನೂ ಸ್ವಿಸ್ ಪಂಚಾಂಗವನ್ನೂ ಕೂಡಿಸಿ ಕಳೆದರೆ ಕೈಗೆ ಬಂದದ್ದು ಬುಧವಾರ ಮಧ್ಯಾಹ್ನ ಒಂದೇ. ಅವತ್ತು ಮಕ್ಕಳಿಗೆ ಅರ್ಧ ದಿನ ಶಾಲೆ. ಇಲ್ಲಿ ನೌಕರಿಯನ್ನೂ ಪರ್ಸೆಂಟಿನಲ್ಲಿ ಅಳೆಯುತ್ತಾರೆ. ನನ್ನದು 80, ಬುಧವಾರ ರಜೆ. ನಮ್ಮವರದು 100. ಅಂದರೆ ಬುಧವಾರ ಅವರು ಆಫೀಸಿನಲ್ಲಿರುತ್ತಾರೆ. ಗಿನಿಪಿಗ್ಗಿನ ಉಗುರನ್ನು ಶಾಂತವಾಗಿ ಕತ್ತರಿಸುವ ವಿಧಾನದಲ್ಲಿ ಇದೇ ಮೊದಲ ಮೆಟ್ಟಿಲು.

ಎರಡನೆಯದು ಎತ್ತಿಕೊಳ್ಳುವುದು. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಬದಿಗೆ, ಮೈಭಾರ ಎಲ್ಲೂ ಜೋತು ಬೀಳದ ಹಾಗೆ. ನೆಲದ ಮೇಲೇ ಕೂರಬೇಕು. ಜಿಗಿದರೂ ಬೀಳುವ ಎತ್ತರವಿರಬಾರದು. ನಾಲ್ಕು ಮಕ್ಕಳಿಗೆ ನೀರೆರೆದ ಅತ್ತೆ ಕಾಲು ನೀಡಿ ಕೂತು, "ತಾ ಇಲ್ಲಿ, ಅಂಗಾತ ಹಾಕು" ಎಂದರು. ಪಕ್ಕದಲ್ಲಿ ಎಣ್ಣೆ ಬಟ್ಟಲೂ ಸಿದ್ಧವಾಗಿತ್ತು. ಅಂಗಾತ ಮಲಗಿಸಿದರೆ ಅದು ಕಂಗಾಲಾಗುತ್ತದೆ ಎಂದು ಒಪ್ಪಿಸಲು ಸ್ವಲ್ಪ ಹೊತ್ತು ಹಿಡಿಯಿತು. ಎಣ್ಣೆ ಬೇಡವೆಂದು ಒಪ್ಪಿಸಲು ಇನ್ನೂ ಹೆಚ್ಚು. ಕೊನೆಗೆ ಟವೆಲಿನಲ್ಲಿ ಸುತ್ತಿ, ಬೆನ್ನು ನನ್ನ ಹೊಟ್ಟೆಗೆ ತಾಗುವಂತೆ ಕೂರಿಸಿಕೊಂಡು, ಒಂದೇ ಕಾಲನ್ನು ಹೊರಗೆ ತೆಗೆದದ್ದಾಯಿತು. ಕಾಲನ್ನು ಪಕ್ಕಕ್ಕೆ ಎಳೆಯಬಾರದು. ಅದು ಮಡಿಚುವ ದಿಕ್ಕಿನಲ್ಲೇ ಹಿಡಿಯಬೇಕು. ಮಗಳ ಕೈಗೆ ಚಿಕ್ಕ ಟಾರ್ಚ್, ಬೆಳಕು ಕೆಳಗಿನಿಂದ. ಮಗನಿಗೆ ಬಾಯಿ ಮುಚ್ಚಿಕೊಂಡಿರುವ ಕೆಲಸ. ಎಲ್ಲರಿಗಿಂತ ಕಷ್ಟದ್ದು ಅವನದೇ.

ಕೊತ್ತಂಬರಿ ಅತ್ತೆಯ ಕೈಯಲ್ಲಿ. ಇಲ್ಲಿ ಅದು ಪ್ಲಾಸ್ಟಿಕ್ ಪೊಟ್ಟಣದಲ್ಲಿ ಬರುತ್ತದೆ, ಹತ್ತಿಪ್ಪತ್ತು ಗ್ರಾಂ, ಬೆಲೆ ಕೇಳಿದವರು ಒಗ್ಗರಣೆ ಮರೆಯುವಷ್ಟು. ಸಾರಿಗೆ ಎಲೆ ಎಣಿಸಿ ಹಾಕುತ್ತಿದ್ದ ಅದೇ ಅತ್ತೆ ಈಗ ದಂಟಿನ ಮೇಲೆ ದಂಟು ಕೊಡುತ್ತಾರೆ. ಮನುಷ್ಯರ ಹಾಗೆ ಇವುಗಳ ಮೈಯೂ ವಿಟಮಿನ್ ಸಿ ತಯಾರಿಸಿಕೊಳ್ಳಲಾರದು, ಸೊಪ್ಪು, ದಪ್ಪಮೆಣಸಿನಕಾಯಿಯಿಂದಲೇ ಸಿಗಬೇಕು ಎಂದು ಕೇಳಿದ ಮೇಲಂತೂ ನಮ್ಮ ಸಾರು ಬೋಳುಬೋಳು. ದಂಟಿನ ತುದಿ ಕಚ್ಚಿದ ಗೌರಿ ಸರಸರ ಒಳಗೆಳೆದುಕೊಳ್ಳುವಾಗ ಮೀಸೆ, ದವಡೆ ಎಲ್ಲ ಅದುರುತ್ತವೆ; ಆಗ ಪಾದದ ಕಡೆಗೆ ಅವಳ ಗಮನವಿರದು. ಎಲೆ ಮೂಗಿಗೆ ತಾಗುವಷ್ಟರಲ್ಲಿ ಟಕ್. ದಂಟಿಗೊಂದು ಉಗುರು. ಆಚೀಚೆ ಕೊಸರಾಡಿದರೆ ಅಲ್ಲಿಗೆ ನಿಲ್ಲಿಸಿ ಗೂಡಿಗೆ ಬಿಡುವುದು, ಮಿಕ್ಕದ್ದು ಮುಂದಿನ ವಾರಕ್ಕೆ. 28ನ್ನೂ ಒಂದೇ ಕೂತಿಗೆ ಮುಗಿಸುತ್ತೇನೆಂಬ ಹಟ 100 ಪರ್ಸೆಂಟಿನವರಿಗಿರಲಿ.

ರಕ್ತ ಬಂದರೆ ಒತ್ತಿ ಹಿಡಿಯಲು ಪಕ್ಕದಲ್ಲಿ ಕಾರ್ನ್‌ಫ್ಲೋರ್ ಇಟ್ಟಿರುತ್ತೇನೆ. ಅದರ ಪಕ್ಕದಲ್ಲಿ ಅತ್ತೆ ಅರಿಶಿನ ಇಡುತ್ತಾರೆ. ಬಿಳಿ ಗಂಗೆ ಹಳದಿಯಾದರೆ ಏನು ಗತಿ ಎಂದು ಮಗಳು ಕೇಳಿದ್ದಕ್ಕೆ, "ಲಕ್ಷಣವಾಗಿ ಕಾಣ್ತಾಳೆ" ಎಂದರು.

ವೀಸಾದ 90 ದಿನ ಮುಗಿದು ಅತ್ತೆ ಜನವರಿಯಲ್ಲಿ ಮೈಸೂರಿಗೆ ಮರಳಿದರು. ಬುಧವಾರದ ಉಸ್ತುವಾರಿ ಈಗ ವಿಡಿಯೊ ಕಾಲಿನಲ್ಲಿ. ಮೊದಲ ಕರೆಯಲ್ಲೇ ಧರ್ಮಸಂಕಟ ಎದುರಾಯಿತು. ಚಳಿಗಾಲದಲ್ಲಿ ನಮ್ಮ ಎರಡು ಗಂಟೆಯೆಂದರೆ ಅಲ್ಲಿ ಆರೂವರೆ. ದೇವರ ಮುಂದೆ ದೀಪ ಹಚ್ಚಿ ಆಗಿರುತ್ತದೆ.

"ಹಂದಿ ಇರೋದು ಅಲ್ಲಿ ತಾನೆ? ಅಲ್ಲಿ ಹೊತ್ತೇ ಲೆಕ್ಕ. ನೀನು ಕತ್ತರಿಸಮ್ಮ" ಎಂದು ತೀರ್ಪು ಕೊಟ್ಟ ಅತ್ತೆ ಒಂದು ಗಳಿಗೆ ಯೋಚಿಸಿ, "ಆದ್ರೆ ನಾನು ನೋಡೋ ಹಾಗಿಲ್ಲ. ಫೋನು ಗೋಡೆ ಕಡೆ ತಿರುಗ್ಸು" ಎಂದರು.

ತಿರುಗಿಸಿದೆ. ಗೋಡೆಯನ್ನೇ ನೋಡಿಕೊಂಡು, "ಎಡಗಾಲು ಆಯ್ತಾ? ಸೊಪ್ಪು ಧಾರಾಳವಾಗಿ ಕೊಡೇ, ಜಿಪುಣತನ ಮಾಡ್ಬೇಡ" ಎನ್ನುತ್ತಿದ್ದರು.