ಬಾಗಿಲ ಹಿಂದಿನ ಸಂಸಾರ

ಟ್ವೆಂಟಿ ಥರ್ಟಿ ಸೈಟಿನಲ್ಲಿ ಮನೆ ಕಟ್ಟಿಕೊಂಡ ಬೆಂಗಳೂರಿನವರ ಜಾತಿ, ಪಕ್ಷ, ಮೆಚ್ಚಿನ ಹೀರೊ ಬೇರೆ ಬೇರೆ ಇರಬಹುದು; ಬಾಗಿಲಿನ ಕಷ್ಟ ಮಾತ್ರ ಎಲ್ಲರದೂ ಒಂದೇ. ಇರುವುದೇ 600 ಚದರಡಿ. ಸಂಪು, ಮೆಟ್ಟಿಲು, ಸ್ಕೂಟರ್ ನಿಲ್ಲಿಸುವ ಜಾಗ ತಮ್ಮ ತಮ್ಮ ಪಾಲು ಕಿತ್ತುಕೊಂಡ ಮೇಲೆ ಉಳಿದದ್ದರಲ್ಲಿ ಹಾಲು, ಅಡುಗೆಮನೆ, ರೂಮು, ಬಚ್ಚಲು, ದೇವರಿಗೊಂದು ಗೂಡು. ಆ ಗೂಡಿಗೂ ಗಂಟೆ ಕಟ್ಟಿದ ಪುಟ್ಟ ಬಾಗಿಲು ಬೇಕೆಂದು ನಮ್ಮ ಅತ್ತೆಯವರ ಹಟ. ಮುಚ್ಚಿಕೊಂಡಿರುವಾಗ ಬಾಗಿಲಿನಷ್ಟು ಸಾಧು ಇನ್ನೊಂದಿಲ್ಲ. ತೆರೆಯುವಾಗ ನೋಡಬೇಕು ಅದರ ದರ್ಬಾರು. ಬಕೆಟ್ಟು, ಸ್ಟೂಲು, ಮನುಷ್ಯರು ಎಲ್ಲರೂ ಸರಿದು ದಾರಿ ಬಿಡಬೇಕು.

ನಮ್ಮ ರೂಮಿನ ಬಾಗಿಲಿನದಂತೂ ಒಂದು ಕೈ ಮೇಲೆ. ಒಳಗೆ ಮಂಚ, ಬೀರು ಇಟ್ಟ ಮೇಲೆ ಅದು ಒಳಕ್ಕೆ ತೆರೆಯುವ ಮಾತೇ ಇಲ್ಲವೆಂದು ಮನೆ ಕಟ್ಟಿದ ಮೇಸ್ತ್ರಿ ಹೊರಕ್ಕೆ ತೆರೆಯುವ ಹಾಗೆ ಕೂರಿಸಿದ್ದ. ಹೊರಗಿರುವುದು ಒಬ್ಬರಾದರೆ ನೇರವಾಗಿ, ಇಬ್ಬರಾದರೆ ಅಡ್ಡಡ್ಡವಾಗಿ ನಡೆಯಬಹುದಾದ ಪ್ಯಾಸೇಜು. ಅಡುಗೆಮನೆಯಿಂದ ಬರುವವರು, ಬಚ್ಚಲಿಗೆ ಹೋಗುವವರು, ರೂಮಿನಿಂದ ಹೊರಡುವವರು ಎಲ್ಲರೂ ಅಲ್ಲೇ ಎದುರುಬದುರಾಗಬೇಕು. ಹಾಗಾಗಿ ನಮ್ಮಲ್ಲೊಂದು ಶಿಷ್ಟಾಚಾರ ಬೆಳೆದಿತ್ತು: ರೂಮಿನ ಚಿಲಕ ತೆಗೆಯುವ ಮುಂಚೆ ಕೆಮ್ಮಬೇಕು. ಕೆಮ್ಮದೆ ಬಾಗಿಲು ತಳ್ಳಿದರೆ ಆಚೆ ಸಾರಿನ ಪಾತ್ರೆ ಹಿಡಿದು ಬರುತ್ತಿದ್ದವರನ್ನು ದೇವರೇ ಕಾಪಾಡಬೇಕು. ಒಮ್ಮೆ ಬಂದು ಉಳಿದ ನೆಂಟರೊಬ್ಬರು ಹೊರಡುವಾಗ, "ಮನೆಮಂದಿಗೆಲ್ಲ ಕೆಮ್ಮು ಹಿಡ್ಕೊಂಡಿದೆ, ಒಂದ್ಸಲ ಡಾಕ್ಟರಿಗೆ ತೋರಿಸ್ರಮ್ಮ" ಎಂದು ಕಳಕಳಿಯಿಂದ ಹೇಳಿ ಹೋದರು.

ನಮ್ಮನೆಯವರು ಬ್ಯಾಂಕಿನವರು. ಲೆಕ್ಕ ತಾಳೆಯಾಗದಿದ್ದರೆ ಊಟ ಸೇರುವುದಿಲ್ಲ. ಒಂದು ಭಾನುವಾರ ಚಾಕ್‌ಪೀಸಿಗೆ ದಾರ ಕಟ್ಟಿ, ಬಾಗಿಲು ತಿರುಗುವಷ್ಟು ಜಾಗವನ್ನು ನೆಲದ ಮೇಲೆ ಗುಂಡಗೆ ಗೀಚಿದರು. "ಮೂರಡಿ ಬಾಗಿಲು ತಿರುಗೋಕೆ ಏಳು ಚದರಡಿ ಮೇಲೇ ಬೇಕು ಕಣೇ. ನಮ್ಮ ಏರಿಯಾದಲ್ಲಿ ಚದರಡಿಗೆ ಹತ್ತು ಸಾವಿರ ಅಂತಾನೆ ಬ್ರೋಕರ್ರು. ಎಪ್ಪತ್ತು ಸಾವಿರ ರೂಪಾಯಿ ಜಾಗ ಬಾಗಿಲಿನ ವಾಯುಸೇವನೆಗೆ ಬಿಟ್ಟಿದ್ದೀವಿ!" ಅತ್ತೆ ಬಗ್ಗಿ ನೋಡಿ, "ಗೀಟು ಚೆನ್ನಾಗಿ ಬಂದಿದೆಯಪ್ಪಾ, ಅದಕ್ಕೊಂದು ನವಿಲೂ ಬರೆದುಬಿಡು" ಅಂದರು.

ಇದಕ್ಕೆ ಜಾರುವ ಬಾಗಿಲೇ ಮದ್ದು ಎಂದು ನಮ್ಮನೆಯವರ ವಾದ. ಅದರ ಪರವಾಗಿ ದೇಶವಿದೇಶದ ಸಾಕ್ಷಿ ತಂದರು. ಜಪಾನಿನ ಹಳೆಯ ಕಾಲದ ಮನೆಗಳಲ್ಲಿ ಮರದ ಚೌಕಟ್ಟಿಗೆ ಕಾಗದ ಅಂಟಿಸಿದ ಬಾಗಿಲುಗಳು ತೋಡಿನಲ್ಲಿ ಜಾರುತ್ತವಂತೆ. ಸರಿಸಿದರೆ ಎರಡು ಕೋಣೆ ಸೇರಿ ಒಂದಾಗುತ್ತದಂತೆ. "ಕಾಗದದ ಬಾಗಿಲಾ? ಆ ಊರಲ್ಲಿ ಇಲಿ ಇಲ್ವೇನೋ?" ಎಂದರು ಅತ್ತೆ. ಇನ್ನೊಂದು ಸಾಕ್ಷಿ ಅಮೆರಿಕದ್ದು. ಟೆಕ್ಸಾಸಿನ ಕಾರ್ಪಸ್ ಕ್ರಿಸ್ಟಿ ಎಂಬ ಕಡಲತೀರದ ಊರಲ್ಲಿ ಗಾಳಿಯ ಹೊಡೆತಕ್ಕೆ ತಿರುಗುವ ಬಾಗಿಲುಗಳು ಮಾತು ಕೇಳುತ್ತಿರಲಿಲ್ಲ. ಅದನ್ನು ನೋಡಿ ಡೀ ಹಾರ್ಟನ್, ಲೂ ಹ್ಯೂಯಿಟ್ ಎಂಬಿಬ್ಬರು 1954ರಲ್ಲಿ ತಾನೇ ಪಕ್ಕಕ್ಕೆ ಸರಿಯುವ ಬಾಗಿಲಿನ ಯೋಚನೆ ಮಾಡಿದರು. 1960ರಲ್ಲಿ ಅದು ಮಾರಾಟಕ್ಕೂ ಬಂತು. ಈಗ ಮಾಲುಗಳಲ್ಲಿ ನಮ್ಮನ್ನು ಕಂಡೊಡನೆ ಸರಿಯುವುದು ಅದರದೇ ಸಂತತಿ. ಈ ಸಾಕ್ಷಿಗೆ ನಾನು ಸ್ವಲ್ಪ ಕರಗಿದೆ. ಆಷಾಢದ ಗಾಳಿಗೆ ನಮ್ಮ ಬಾಗಿಲೂ ಧಡಾರನೆ ಬಡಿದುಕೊಳ್ಳುತ್ತಿತ್ತು. ಗ್ರೈಂಡರ್ ಬಂದ ಮೇಲೆ ಕೆಲಸ ಕಳೆದುಕೊಂಡಿದ್ದ ರುಬ್ಬುಗುಂಡನ್ನು ಅದಕ್ಕೆ ಅಡ್ಡ ಇಟ್ಟಿದ್ದೆವು. ಕಾಲ ಕಿರುಬೆರಳಿಗೆ ಆ ಗುಂಡಿನ ಪರಿಚಯವಾಗದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ.

ಮಗಳ ಸಾಕ್ಷಿ ಮಾತ್ರ ಸ್ವದೇಶಿ. "ಅಮ್ಮಾ, ಓಮ್ನಿ ವ್ಯಾನ್ ನೋಡಿಲ್ವಾ? ಎಷ್ಟು ಸಣ್ಣ ಗಲ್ಲಿಯಲ್ಲಿ ನಿಲ್ಲಿಸಿದ್ರೂ ಬಾಗಿಲು ತೆಗೀಬಹುದು." 1984ರಲ್ಲಿ ಬಂದ ಆ ಗಾಡಿಯ ತಯಾರಿಕೆ 2019ರಲ್ಲಿ ನಿಂತೇಹೋಯಿತು. ಆದರೆ ಸಿನಿಮಾದಲ್ಲಿ ಹೀರೊಯಿನ್ನನ್ನು ಅಪಹರಿಸಬೇಕಾದರೆ ಬೇರೆ ಯಾವ ವಾಹನವೂ ಅದರಷ್ಟು ಒದಗುವುದಿಲ್ಲ. ಬಾಗಿಲು ಸರ್ರನೆ ಸರಿಯಬೇಕು, ಎರಡು ಕೈ ಹೊರಬರಬೇಕು, ಮತ್ತೆ ಸರ್ರನೆ ಮುಚ್ಚಬೇಕು. ತಿರುಗುವ ಬಾಗಿಲಾಗಿದ್ದರೆ ಅದನ್ನು ತೆರೆಯುವಷ್ಟರಲ್ಲಿ ಹೀರೊ ಬಂದು ತಲುಪಿರುತ್ತಿದ್ದ.

ಕೊನೆಗೆ ಜಾರುವ ಬಾಗಿಲೇ ಎಂದಾಯಿತು. ಬಡಗಿ ಆಚಾರ್ರು ಬಂದರು. ಪ್ಯಾಸೇಜಿನ ಗೋಡೆಯನ್ನು ಬೆರಳಲ್ಲಿ ತಟ್ಟಿ ಕಿವಿಗೊಟ್ಟರು. ಬಾಗಿಲನ್ನು ಗೋಡೆಯೊಳಗೇ ನುಗ್ಗಿಸುವ ಪದ್ಧತಿಯನ್ನು ನಮ್ಮನೆಯವರು ಮೊಬೈಲಿನಲ್ಲಿ ತೋರಿಸಿದಾಗ ಅವರಿಗೆ ನಗು. "ನಾಲ್ಕಿಂಚು ಗೋಡೆ ಸಾರ್. ಇದರೊಳಗೆ ವೈರು ಹೋಗಿರೋದೇ ಹೆಚ್ಚು." ಕೆಳಗೆ ಟ್ರ್ಯಾಕು ಬೇಡ, ಕಸ, ಕೂದಲು, ಕಡಲೆಬೇಳೆ ಎಲ್ಲ ಅದರಲ್ಲೇ ಸೇರಿಕೊಳ್ಳುತ್ತದೆ, ಮೇಲಿನಿಂದಲೇ ನೇತುಹಾಕೋಣ ಎಂದರು. ಆದರೆ ಮೂರಡಿ ಬಾಗಿಲಿಗೆ ಆರಡಿ ಟ್ರ್ಯಾಕು ಬೇಕು. ಮೂವತ್ತು ಕೆ.ಜಿ. ಆಸುಪಾಸು ತೂಗುವ ಬಾಗಿಲನ್ನು ಬರೀ ಗಿಲಾವಿನ ಮೇಲೆ ನಂಬಿ ಬಿಡುವಂತಿಲ್ಲ; ಮೊದಲು ಗೋಡೆಗೆ ಗಟ್ಟಿ ಮರದ ಪಟ್ಟಿ ಬೋಲ್ಟು ಹಾಕಿ ಕೂರಿಸಿ, ಅದಕ್ಕೆ ಟ್ರ್ಯಾಕು ಬಿಗಿಯಬೇಕು. ಇಷ್ಟು ಹೇಳಿ, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, ಕೊನೆಗೆ ಅಂದರು: "ಬಾಗಿಲು ಸರಿದು ನಿಲ್ಲೋಕೆ ಅದರಷ್ಟೇ ಗೋಡೆ ಖಾಲಿ ಇರಬೇಕಮ್ಮಾ. ಇಲ್ಲಿರೋದನ್ನೆಲ್ಲ ತೆಗೆದುಬಿಡಿ."

ಇಲ್ಲಿರೋದು ಅಂದರೆ, ಬಾಗಿಲ ಹಿಂದಿರೋದು.

ತೆರೆದ ಬಾಗಿಲಿಗೂ ಗೋಡೆಗೂ ನಡುವಿನ ಆ ಒಂದು ಗೇಣು ಜಾಗದಲ್ಲಿ ನಮ್ಮ ಅರ್ಧ ಸಂಸಾರವಿತ್ತು. ಲಕ್ಷ್ಮಿಯ ಕಣ್ಣಿಗೆ ಬೀಳಬಾರದೆಂದು ಮೂಲೆಗೆ ಒರಗಿಸಿದ ಪೊರಕೆ. ಒಮ್ಮೆ ಹಾಕಿದ, ಆದರೆ ಒಗೆಯಲು ಹಾಕುವಷ್ಟು ಕೊಳೆಯಾಗದ, ಬೀರುವಿಗೆ ಸೇರಿಸುವಷ್ಟು ಮಡಿಯೂ ಅಲ್ಲದ ಅಂಗಿಗಳು. ಬಟ್ಟೆ ಅಂಗಡಿಯ ಒಂದು ಕೈಚೀಲ, ಅದರೊಳಗೆ ಉಳಿದ ಎಲ್ಲ ಕೈಚೀಲಗಳು. ಸುತ್ತಿಟ್ಟ ಚಾಪೆ, ಕಡ್ಡಿ ಮುರಿದ ಕೊಡೆ. ಬೆಂಗಳೂರು ಪ್ರೆಸ್ ಕ್ಯಾಲೆಂಡರು, ಅದರ ಮೇಲೆ ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ಏಕಾದಶಿಯ ಗುರುತು. ಯಾರಾದರೂ ದಿಢೀರನೆ ಬಂದರೆ ಹಾಲಿನಲ್ಲಿ ಬಿದ್ದಿರುವುದನ್ನೆಲ್ಲ ಬಾಚಿ ತಂದು ಅಲ್ಲಿ ತುರುಕಿ, ಬಾಗಿಲನ್ನು ಪೂರ್ತಿ ತೆರೆದಿಟ್ಟರಾಯಿತು; ಮನೆ ಅಚ್ಚುಕಟ್ಟು. ಇಂಟೀರಿಯರ್ ಡಿಸೈನ್ ಮಾಡುವವರ ನಕ್ಷೆಯಲ್ಲಿ ಈ ಜಾಗಕ್ಕೆ ಹೆಸರೇ ಇರುವುದಿಲ್ಲ. ಅವರ ಮನೆಗಳಲ್ಲಿ ಪೊರಕೆ ಎಲ್ಲಿರುತ್ತದೋ!

ಜಾರುವ ಬಾಗಿಲಿಗೆ ಹಿಂದು ಎಂಬುದೇ ಇಲ್ಲ. ಗೋಡೆಗೆ ಅರ್ಧ ಇಂಚಿನಷ್ಟೂ ಬಿಡುವಿಲ್ಲದೆ ಮೈಯುಜ್ಜಿಕೊಂಡು ಹೋಗುತ್ತದೆ. ಒಂದು ಮೊಳೆ ಹೊಡೆದರೂ ತಕರಾರು. ಸ್ವಿಚ್‌ಬೋರ್ಡನ್ನೂ ಅಲ್ಲಿಂದ ಕಿತ್ತು ಎದುರು ಗೋಡೆಗೆ ಹಾಕಿಸಿದ್ದಾಯಿತು; ಅತ್ತೆ ಇವತ್ತಿಗೂ ರಾತ್ರಿ ಎದ್ದರೆ ಹಳೆಯ ಜಾಗದಲ್ಲಿ ಬಾಗಿಲನ್ನೇ ತಡವುತ್ತಾರೆ. ಪೊರಕೆ ಫ್ರಿಜ್ಜಿನ ಪಕ್ಕಕ್ಕೆ ಹೋಯಿತು, ಅಂಗಿಗಳು ಡೈನಿಂಗ್ ಟೇಬಲ್ಲಿನ ಕುರ್ಚಿಗಳ ಮೇಲೆ ಬಂದು ಕೂತವು, ರುಬ್ಬುಗುಂಡು ತುಳಸಿಕಟ್ಟೆಯ ಬುಡ ಸೇರಿತು. ನಮ್ಮನೆಯವರ ಬ್ಯಾಂಕಿನಲ್ಲಿ ನಡೆಯುವ ಹಾಗೆ ಎಲ್ಲರಿಗೂ ವರ್ಗ. ತಲೆಯೆಣಿಕೆ ಮಾತ್ರ ಅಷ್ಟೇ.

ಬಚ್ಚಲಿಗೂ ಜಾರುವ ಬಾಗಿಲೇ ಹಾಕಿಸೋಣ ಎಂದರು ನಮ್ಮನೆಯವರು. ನಾನು ಒಪ್ಪಲಿಲ್ಲ. ನೇತಾಡುವ ಬಾಗಿಲಿನ ಅಂಚಿನಲ್ಲಿ ಸಂದು ಇದ್ದೇ ಇರುತ್ತದೆ. ಬಚ್ಚಲಿನ ಸದ್ದುಗಳು ಬಚ್ಚಲಿಗೇ ಇರಲಿ. ಅದರ ಬದಲು ಆಚಾರ್ರು ಬೇರೆ ಉಪಾಯ ಹೇಳಿದರು: ಒಳಕ್ಕೆ ತೆರೆಯುತ್ತಿದ್ದ ಬಚ್ಚಲ ಬಾಗಿಲನ್ನು ಹೊರಕ್ಕೆ ತಿರುಗಿಸುವುದು. ಇದು ಸರಿಯಾದ ಮಾತು. ವಯಸ್ಸಾದವರು ಒಳಗೆ ಜಾರಿ ಬಿದ್ದರೆ ಅವರ ಮೈಯೇ ಬಾಗಿಲಿಗೆ ಅಡ್ಡವಾಗಿ ಹೊರಗಿನವರು ತಳ್ಳಲಾಗುವುದಿಲ್ಲ. ಅಂಗವಿಕಲರ, ವೃದ್ಧರ ಶೌಚಾಲಯದ ಬಾಗಿಲು ಹೊರಕ್ಕೆ ತೆರೆಯಬೇಕು ಇಲ್ಲವೇ ಸರಿಯಬೇಕು ಎನ್ನುವುದು ಇದಕ್ಕೇ. ಹೊರಗಿನಿಂದ ನಾಣ್ಯ ತಿರುಗಿಸಿ ತೆಗೆಯಬಹುದಾದ ಚಿಲಕವನ್ನೂ ಹಾಕಿಸಿದೆವು. "ಒಂದು ರೂಪಾಯಿಗೆ ತೆಗೆಯೋ ಹಾಗಿದ್ರೆ ಅದನ್ನ ಚಿಲಕ ಅಂತಾರೇನೇ?" ಎಂದು ಅತ್ತೆ ಗೊಣಗಿದರು.

ಹೊರಕ್ಕೆ ತೆರೆಯುವ ಬಾಗಿಲಿಗೆ ಜಾಗ ಬೇಕಲ್ಲ. ಅದು ಅದೇ ಪ್ಯಾಸೇಜಿಗೆ ಬಂತು. ಎರಡೂವರೆ ಅಡಿ ಬಾಗಿಲು, ಹತ್ತಿರ ಹತ್ತಿರ ಐದು ಚದರಡಿ. ಏಳು ಗಳಿಸಿ ಐದು ಖರ್ಚು. ನಿವ್ವಳ ಲಾಭ ಎರಡು ಚದರಡಿ. ಈಗ ಬಚ್ಚಲಿನಿಂದ ಬರುವವರು ಕೆಮ್ಮುತ್ತಾರೆ.

ಇನ್ನು ಸಿಟ್ಟಿನ ವಿಷಯ. ಅರಮನೆಯಲ್ಲಾದರೆ ಮುನಿಸಿಕೊಂಡ ಕೈಕೇಯಿಗೆ ಕ್ರೋಧಾಗಾರವೇ ಇತ್ತು. ನಮ್ಮಂಥವರಿಗೆ ಇದ್ದದ್ದು ಬಾಗಿಲೊಂದೇ. ಪಿಯುಸಿ ಓದುವ ಮಗಳ ಕೈಯಿಂದ ಫೋನು ಕಿತ್ತುಕೊಂಡರೆ ಅವಳು ರೂಮಿಗೆ ಹೋಗಿ ಬಾಗಿಲು ಬಡಿಯುವ ಸದ್ದಿಗೆ ಅಡುಗೆಮನೆಯ ಸ್ಟೀಲ್ ಲೋಟಗಳು ಝಣ್ ಎನ್ನುತ್ತಿದ್ದವು. ಅತ್ತೆಗೆ ಆ ಸದ್ದಿನಲ್ಲೇ ಪಾಂಡಿತ್ಯ. "ಇದು ಹಸಿವಿನ ಸಿಟ್ಟು, ದೋಸೆ ಹಾಕು", "ಇದು ಮಾರ್ಕ್ಸಿನದು, ಈಗ ಮಾತಾಡಿಸ್ಬೇಡ." ಹೊಸ ಬಾಗಿಲಿಗೆ ಅದೇನೋ ಸಾಫ್ಟ್ ಕ್ಲೋಸು. ಬಾಗಿಲು ಬಂದ ವಾರವೇ ಒಂದು ಜಗಳವಾಯಿತು. ಮಗಳು ದುಮುದುಮು ಒಳಹೋಗಿ, ಇದ್ದ ಬಲವನ್ನೆಲ್ಲ ಹಾಕಿ ಬಾಗಿಲನ್ನು ಎಳೆದಳು. ಅದು ಸುಂಯ್ಯನೆ ಬಂದು, ಚೌಕಟ್ಟು ಇನ್ನೇನು ನಾಲ್ಕು ಬೆರಳು ಇದೆ ಎನ್ನುವಾಗ ತಡೆದು, ಉಸಿರೂ ಕೇಳದಂತೆ ಮೆಲ್ಲಗೆ ಮುಚ್ಚಿಕೊಂಡಿತು. ಸ್ವಲ್ಪ ಹೊತ್ತು ಒಳಗೂ ಹೊರಗೂ ಮೌನ. ಮತ್ತೆ ಬಾಗಿಲು ತೆರೆಯಿತು, ಮತ್ತೆ ಎಳೆದಳು, ಮತ್ತೆ ಅದೇ ವಿನಯ. ಕೊನೆಗೆ ಸಂದಿಯಿಂದ ಅವಳ ಮೂಗು ಮಾತ್ರ ಕಾಣಿಸಿತು. "ಅಮ್ಮಾ, ಈ ಬಾಗಿಲು ನಿನ್ನ ಪಾರ್ಟೀನಾ?"

ವಿಚಿತ್ರವೆಂದರೆ ಬಡಿದರೆ ಸದ್ದು ಮಾಡದ ಈ ಬಾಗಿಲು ಒಳಗಿನ ಪಿಸುಮಾತನ್ನು ಮಾತ್ರ ಒಂದಕ್ಷರ ಬಿಡದೆ ಹೊರಗೆ ಒಪ್ಪಿಸುತ್ತದೆ. ಅವಳು ಗೆಳತಿಯ ಹತ್ತಿರ ನಮ್ಮ ಬಗ್ಗೆ ಏನನ್ನುತ್ತಾಳೆಂಬುದು ಈಗ ಅತ್ತೆಗೆ ಪೂರ್ತಿ ಗೊತ್ತು. ಕಿವಿ ಮಂದವಾಗಿದೆ ಎನ್ನುತ್ತಿದ್ದವರು ಆ ಮಾತು ಬಿಟ್ಟುಬಿಟ್ಟಿದ್ದಾರೆ.

ಇಷ್ಟಾದರೂ ನಮ್ಮನೆಯವರ ಕಣ್ಣು ಈಗ ಮುಂಬಾಗಿಲ ಮೇಲಿದೆ. ಅದು ಮೂರೂವರೆ ಅಡಿ. ಲೆಕ್ಕ ಹಾಕಿದರೆ ಒಂಬತ್ತೂವರೆ ಚದರಡಿಗೂ ಹೆಚ್ಚು. ಅತ್ತೆ ಸುತರಾಂ ಒಪ್ಪುತ್ತಿಲ್ಲ. "ಹೊಸ್ತಿಲಿಗೆ ಅರಿಸಿನ ಕುಂಕುಮ ಇಟ್ಟು ಲಕ್ಷ್ಮೀನ ಕರೆಯೋದು, ಆಮೇಲೆ ಬಾಗಿಲು ಅವಳ ಮುಂದೇನೇ ಜಾರ್ಕೊಂಡು ಹೋಗೋದಾ? ಅವಳೇನು ಮಾಲಿಗೆ ಬರ್ತಾ ಇದಾಳಾ?" ಜಗಳ ಬಿಡಿಸಲು ಆಚಾರ್ರನ್ನೇ ಕರೆಸಿದೆವು. ಅವರು ಹೊರಗೆ ನಿಂತು ಟೇಪು ಹಿಡಿದು ಅಳೆದರು. ಬಾಗಿಲ ಬಲಕ್ಕೆ ಒಂದೂವರೆ ಅಡಿ ಗೋಡೆ. ಅಲ್ಲಿಂದಾಚೆ ಪಕ್ಕದ ಮನೆ, ನಡುವೆ ಬೆರಳು ತೂರಿಸಲೂ ಜಾಗವಿಲ್ಲ.

"ಮಾಡಬಹುದು ಸಾರ್, ಕಷ್ಟ ಏನಿಲ್ಲ," ಅಂದರು ಆಚಾರ್ರು ಟೇಪು ಸುತ್ತುತ್ತ. "ಬಾಗಿಲು ತೆಗೆದಾಗ ಎರಡಡಿ ಪಕ್ಕದವರ ಹಾಲಿಗೆ ಹೋಗುತ್ತೆ. ಅವರನ್ನೊಂದು ಮಾತು ಕೇಳಿ."